ಶುಗರ್, ಖಿನ್ನತೆ, ಕುಡಿತ ಮೂರೂ ಒಬ್ಬರಿಗೇ ಇದ್ದರೆ ಮೊದಲು ಯಾವುದಕ್ಕೆ ಚಿಕಿತ್ಸೆ?

ಬೆಳಗಿನಹಕ್ಕಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮನಿಗೆ ಸಕ್ಕರೆ ಕಾಯಿಲೆ ಬಂದು ವರ್ಷಗಳೇ ಆದವು. ಖಿನ್ನತೆ ಅದಕ್ಕೂ ಹಳೆಯದು. ಈಗ ದಿನಾ ಕುಡಿಯುತ್ತಾನೆ. ಬೆಳಗ್ಗೆ ಎದ್ದಾಗ ಕೈ ಎಷ್ಟು ನಡುಗುತ್ತದೆ ಅಂದರೆ, ಶುಗರ್ ನೋಡಲು ಬೆರಳಿಗೆ ಚುಚ್ಚಿಕೊಂಡರೂ ರಕ್ತದ ಹನಿಯನ್ನು ಸ್ಟ್ರಿಪ್‌ಗೆ ಮುಟ್ಟಿಸಲು ಆಗುವುದಿಲ್ಲ. ನಾನೇ ಅವನ ಮಣಿಕಟ್ಟು ಹಿಡಿದುಕೊಳ್ಳಬೇಕು.

ಮೂರಕ್ಕೂ ಮೂರು ಕಡೆ ತೋರಿಸುತ್ತಿದ್ದೇವೆ. ಶುಗರ್ ಡಾಕ್ಟರ್ "ಮೊದಲು ಕುಡಿಯೋದು ಬಿಡಲಿ" ಅನ್ನುತ್ತಾರೆ. ಮನೋವೈದ್ಯರು "ಕುಡಿತ ಇರೋವರೆಗೂ ಮಾತ್ರೆ ಕೆಲಸ ಮಾಡಲ್ಲ" ಅನ್ನುತ್ತಾರೆ. ಕುಡಿತ ಬಿಡಿಸುವ ಕೇಂದ್ರದವರು "ಶುಗರ್ ಇಷ್ಟೊಂದು ಏರುಪೇರು ಇದ್ರೆ ನಾವು ಸೇರಿಸ್ಕೊಳ್ಳಲ್ಲ" ಅಂದರು. ಯಾರೂ ಕೆಟ್ಟವರಲ್ಲ. ಆದರೆ ಎಲ್ಲರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ, ನನ್ನ ತಮ್ಮ ಮಾತ್ರ ಇದ್ದಲ್ಲೇ ಇದ್ದಾನೆ.

ಯಾವುದರಿಂದ ಶುರು ಮಾಡಬೇಕು? ನಾಳೆಯಿಂದಲೇ ಬಾಟಲಿ ಮನೆಗೆ ಬರದ ಹಾಗೆ ಮಾಡಿ ನಿಲ್ಲಿಸಿಬಿಡಬಹುದೇ? ಸಂಬಂಧಿಕರೊಬ್ಬರು ಅವನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಮಾತ್ರೆ ಇದೆ ಅಂದರು. ಅದು ಸರಿಯೇ?

ಹಳೆಯ ಜೊತೆಗಾರ

ಅಕ್ಕಾ, ಬೇರೆಯದೆಲ್ಲ ಆಮೇಲೆ. ಮನೆಯಲ್ಲಿ ಒಮ್ಮೆಲೇ ನಿಲ್ಲಿಸಬೇಡಿ.

ಬೆಳಗ್ಗೆ ಕೈ ನಡುಗುತ್ತದೆ ಅಂದರೆ ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಅಂತ. ಅಂಥವರು ಥಟ್ಟನೆ ಬಿಟ್ಟರೆ ಮೊದಲ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕು ದಿನದ ಹೊತ್ತಿಗೆ ಕೆಲವರಿಗೆ ಡೆಲಿರಿಯಂ ಅನ್ನುವ ಸ್ಥಿತಿ ಬರುತ್ತದೆ. ಇಲ್ಲದ್ದು ಕಾಣಿಸುತ್ತದೆ, ಎಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ, ಜ್ವರ, ಬೆವರು, ಎದೆಬಡಿತ ಜೋರು. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಕುಡಿತ ಬಿಟ್ಟವರ ನಮ್ಮ ಗುಂಪಿನಲ್ಲಿ ಒಬ್ಬರು ಮನೆಯವರ ಮಾತಿಗೆ ಕಟ್ಟುಬಿದ್ದು ಒಂದೇ ದಿನದಲ್ಲಿ ಬಿಟ್ಟರು. ಮೂರನೇ ರಾತ್ರಿ ಗೋಡೆಯ ಮೇಲೆ ಹುಳ ಹರಿಯುತ್ತಿದೆ ಅಂತ ಚಾದರ ತಗೊಂಡು ಒರೆಸುತ್ತಾ ನಿಂತಿದ್ದರಂತೆ. ಆಸ್ಪತ್ರೆಗೆ ಸೇರಿಸಿದ ಮೇಲೆ ಉಳಿದರು.

ಡಾಕ್ಟರ್ ನಿಗಾದಲ್ಲಿ ಕೆಲವು ದಿನ ಮಾತ್ರೆ ಕೊಟ್ಟು, ಡೋಸ್ ಇಳಿಸುತ್ತಾ ಬಿಡಿಸುತ್ತಾರೆ. ಜೊತೆಗೆ ಥಯಮಿನ್, ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ಜಾಸ್ತಿ ಕುಡಿಯುವವರಲ್ಲಿ ಅದು ಕಡಿಮೆಯಾಗಿ ಮೆದುಳಿಗೆ ಪೆಟ್ಟಾಗುತ್ತದೆ, ನೆನಪಿನ ಶಕ್ತಿ ಮರಳದ ಹಾಗೆ ಹೋಗಿಬಿಡಬಹುದು. ತಮ್ಮನಿಗೆ ಹಿಂದೆ ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ.

ವಾರ್ಡ್ ಸಿಸ್ಟರ್

ಮೇಲೆ ಅಣ್ಣ ಬರೆದದ್ದು ಅಷ್ಟೂ ಸರಿ. ನಾನು ನರ್ಸ್. ಅಕ್ಕ ಕೇಳಿದ ಮೊದಲ ಪ್ರಶ್ನೆಗೆ ಬರುತ್ತೇನೆ. ಈ ಪ್ರಶ್ನೆ ಎಷ್ಟೊಂದು ಮನೆಗಳನ್ನು ಹಾಳು ಮಾಡಿದೆ ಅನ್ನುವುದನ್ನು ದಿನಾ ನೋಡುತ್ತೇನೆ.

"ಮೊದಲು ಯಾವುದು" ಅನ್ನುವ ಸರದಿಯೇ ಬೇಡ. ಮೂರನ್ನೂ ಒಟ್ಟಿಗೆ ನೋಡಬೇಕು. ಮೂರೂ ಒಂದಕ್ಕೊಂದು ಮೇವು ಹಾಕುತ್ತವೆ. ಮನಸ್ಸು ಕುಗ್ಗಿದವನು ಶುಗರ್ ಮಾತ್ರೆ ಮರೆಯುತ್ತಾನೆ. ಶುಗರ್ ಏರಿದರೆ ಸುಸ್ತು, ನಿದ್ದೆ ಇಲ್ಲ, ಇನ್ನಷ್ಟು ಬೇಸರ. ಬೇಸರಕ್ಕೆ ಕುಡಿತ. ಒಂದನ್ನು ಪೂರ್ತಿ ಗುಣ ಮಾಡಿ ಆಮೇಲೆ ಇನ್ನೊಂದಕ್ಕೆ ಹೋಗುತ್ತೇನೆ ಅಂದರೆ ಆ ಮೊದಲನೆಯದು ಗುಣವಾಗುವುದೇ ಇಲ್ಲ.

ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ. ಖಿನ್ನತೆ ಮತ್ತು ಮದ್ಯವ್ಯಸನ ಎರಡೂ ಇದ್ದ 170 ಜನರ ಮೇಲೆ ನಡೆದ ಅಮೆರಿಕದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಖಿನ್ನತೆಗೆ ಸರ್ಟ್ರಲಿನ್, ಕುಡಿತದ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಎರಡನ್ನೂ ಒಟ್ಟಿಗೆ ಕೊಟ್ಟ ಗುಂಪಿನಲ್ಲಿ ಶೇ. 54ರಷ್ಟು ಜನ ಕುಡಿಯದೇ ಉಳಿದರು. ಒಂದೊಂದನ್ನೇ ಕೊಟ್ಟವರಲ್ಲಿ, ಬರೀ ಹುಸಿ ಮಾತ್ರೆ ಕೊಟ್ಟವರಲ್ಲಿ ಅದು ಶೇ. 21ರಿಂದ 28ರೊಳಗೆ ನಿಂತಿತು. ಒಂದೇ ಅಧ್ಯಯನ, ನಿಜ. ಆದರೂ ಎರಡು ಚಿಕಿತ್ಸೆ ಒಟ್ಟಿಗೆ ನಡೆಯಬಹುದು ಅನ್ನುವುದಕ್ಕೆ ಇಷ್ಟು ಸಾಕು.

ಅದೇ ವರ್ಷ ಇನ್ನೊಂದು ಅಧ್ಯಯನ ಬಂತು. ನನಗೆ ಅದು ಇನ್ನೂ ಹತ್ತಿರದ್ದು, ಯಾಕೆಂದರೆ ಅದರಲ್ಲಿ ಮುಖ್ಯ ಕೆಲಸ ಮಾಡಿದ್ದು ನರ್ಸ್‌ಗಳು. ಸಕ್ಕರೆ ಕಾಯಿಲೆ ಅಥವಾ ಹೃದಯದ ಕಾಯಿಲೆಯ ಜೊತೆ ಖಿನ್ನತೆಯೂ ಇದ್ದ 214 ಜನರಲ್ಲಿ ಅರ್ಧ ಜನರಿಗೆ ಒಬ್ಬ ನರ್ಸ್ ಜೊತೆಯಾದರು. ಅವರೇ ಫೋನ್ ಮಾಡುವುದು, ಬಿಪಿ, ಶುಗರ್, ಮನಸ್ಸು ಮೂರನ್ನೂ ಒಂದೇ ಭೇಟಿಯಲ್ಲಿ ಕೇಳುವುದು, ವಾರಕ್ಕೊಮ್ಮೆ ಡಾಕ್ಟರ್‌ಗಳ ಮುಂದೆ ಲೆಕ್ಕ ಇಡುವುದು, ಸುಧಾರಿಸದಿದ್ದರೆ ಡೋಸ್ ಬದಲಿಸಲು ಕೇಳುವುದು. ಒಂದು ವರ್ಷದ ಕೊನೆಗೆ ಶುಗರ್, ಬಿಪಿ, ಕೊಲೆಸ್ಟ್ರಾಲ್, ಖಿನ್ನತೆ ಎಲ್ಲವೂ ಸೇರಿ ಉಳಿದ ಅರ್ಧದವರಿಗಿಂತ ಚೆನ್ನಾಗಿದ್ದವು. ಹೊಸ ಔಷಧ ಏನೂ ಇರಲಿಲ್ಲ. ಎಲ್ಲವನ್ನೂ ಒಬ್ಬರು ಒಟ್ಟಿಗೆ ಹಿಡಿದುಕೊಂಡಿದ್ದರು, ಅಷ್ಟೇ.

ಅಕ್ಕಾ, ನಿಮಗೆ ಅಂಥ ನರ್ಸ್ ಸಿಗುವವರೆಗೆ ಆ ಜಾಗ ಖಾಲಿ ಬಿಡಬೇಡಿ. ಮೂವರಲ್ಲಿ ಯಾರು ಜಾಸ್ತಿ ಮಾತು ಕೇಳಿಸಿಕೊಳ್ಳುತ್ತಾರೋ ಅವರ ಬಳಿ "ಉಳಿದಿಬ್ಬರ ಜೊತೆ ನೀವು ಮಾತಾಡ್ತೀರಾ, ಅವರಿಗೊಂದು ಪತ್ರ ಬರೆದುಕೊಡ್ತೀರಾ" ಅಂತ ನೇರವಾಗಿ ಕೇಳಿ. ಒಂದು ಹಾಳೆ ಮಾಡಿ. ಎಲ್ಲ ಮಾತ್ರೆ, ಎಲ್ಲ ಡೋಸ್, ಕೊನೆಯ ರಕ್ತ ಪರೀಕ್ಷೆ, ದಿನಕ್ಕೆ ಎಷ್ಟು ಕುಡಿಯುತ್ತಾನೆ ಅನ್ನುವುದು, ಅವನು ಒಪ್ಪಿದರೆ ಹಾಗೆಯೇ ಬರೆಯಿರಿ. ಮೂರು ಕಡೆಯೂ ಅದೇ ಹಾಳೆ ಕೊಡಿ.

ಇನ್ನೊಂದು, ಇದನ್ನು ಮನೆಯವರೆಲ್ಲರಿಗೂ ಹೇಳಿ. ಕುಡಿದಾಗ ಲಿವರ್ ಮದ್ಯವನ್ನು ಕರಗಿಸುವ ಕೆಲಸದಲ್ಲೇ ಮುಳುಗಿರುತ್ತದೆ, ರಕ್ತಕ್ಕೆ ಸಕ್ಕರೆ ಬಿಡುವುದನ್ನು ಕಡಿಮೆ ಮಾಡುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಳ್ಳುವವರಿಗೆ ಕುಡಿದು ಎಷ್ಟೋ ಗಂಟೆ ಆದ ಮೇಲೆ, ಮಲಗಿದ್ದಾಗಲೂ, ಶುಗರ್ ತೀರಾ ಇಳಿಯಬಹುದು. ನೋಡಲು ಥೇಟ್ ಕುಡಿದವನ ಹಾಗೆಯೇ ಇರುತ್ತಾನೆ. ತೊದಲು, ಬೆವರು, ತೂರಾಟ, ಸಿಟ್ಟು. "ಕುಡಿದಿದ್ದಾನೆ, ಮಲಗಲಿ" ಅಂತ ಬಿಟ್ಟರೆ ಅನಾಹುತ. ಬೆರಳು ಚುಚ್ಚಿ ನೋಡಿ. 70ಕ್ಕಿಂತ ಕಡಿಮೆ ಇದ್ದು ಎಚ್ಚರ ಇದ್ದರೆ 15 ಗ್ರಾಂ ಗ್ಲೂಕೋಸ್ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಆಂಬುಲೆನ್ಸ್ ಕರೆಯಿರಿ. ಮನೆಯಲ್ಲಿ ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಇದ್ದರೂ ಕುಡಿದವರಲ್ಲಿ ಅದು ಸರಿಯಾಗಿ ಕೆಲಸ ಮಾಡದೇ ಇರಬಹುದು, ಯಾಕೆಂದರೆ ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನೇ ಮುಗಿದಿರಬಹುದು.

ನೇರಮಾತು

ನಾನು ಒಪ್ಪುವುದಿಲ್ಲ ಸಿಸ್ಟರ್. ನಮ್ಮ ಅಣ್ಣ ಕುಡಿಯುತ್ತಿದ್ದಾಗ ಖಿನ್ನತೆ ಅಂತ ಮಾತ್ರೆ ಮೇಲೆ ಮಾತ್ರೆ ನುಂಗಿಸಿದರು. ಕುಡಿತ ಬಿಟ್ಟ ಮೇಲೆ ಖಿನ್ನತೆ ತಾನಾಗಿಯೇ ಹೋಯಿತು. ಬುಡ ಕಡಿಯದೆ ಕೊಂಬೆ ಸವರಿದರೆ ಏನು ಬಂತು? ಬಿಡಬೇಕು ಅಂತ ಮನಸ್ಸು ಮಾಡಿದರೆ ಎಲ್ಲ ಆಗುತ್ತದೆ.

ವಾರ್ಡ್ ಸಿಸ್ಟರ್

ನಿಮ್ಮ ಅಣ್ಣನ ವಿಷಯದಲ್ಲಿ ನೀವು ಹೇಳಿದ್ದು ಪೂರ್ತಿ ನಿಜ ಇರಬಹುದು. ಮದ್ಯವೇ ತರುವ ಖಿನ್ನತೆ ಅಂತ ಒಂದಿದೆ. ಕುಡಿತ ನಿಂತ ಎರಡರಿಂದ ನಾಲ್ಕು ವಾರದಲ್ಲಿ ಅದು ಎಷ್ಟೋ ಜನರಲ್ಲಿ ತಿಳಿಯಾಗುತ್ತದೆ. ಆದರೆ ಈ ಅಕ್ಕನ ತಮ್ಮನಿಗೆ ಖಿನ್ನತೆ ಕುಡಿತಕ್ಕಿಂತ ಹಳೆಯದು. ಅದು ತಾನಾಗಿ ಹೋಗುತ್ತದೆ ಅಂತ ಕಾಯುವುದು ತಪ್ಪು. ಕಾಯುವಾಗಲೂ ಸುಮ್ನೆ ಬಿಟ್ಟುಬಿಡುವ ಹಾಗಿಲ್ಲ. ಖಿನ್ನತೆಯ ಜೊತೆ ಕುಡಿತ ಸೇರಿದಾಗ ಆತ್ಮಹತ್ಯೆಯ ಅಪಾಯ ಜಾಸ್ತಿ. "ಸಾಯಬೇಕು ಅನ್ನಿಸ್ತಿದೆಯಾ" ಅಂತ ಬಾಯಿ ಬಿಟ್ಟು ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಒಬ್ಬನೇ ಇರಲು ಬಿಡಬೇಡಿ.

ಮನಸ್ಸು ಮಾಡಬೇಕು ಅನ್ನುವುದೂ ಸರಿಯೇ. ಆದರೆ ಖಿನ್ನತೆ ಕಿತ್ತುಕೊಳ್ಳುವುದು ಆ ಮನಸ್ಸನ್ನೇ ಅಲ್ವಾ?

ಗುಳಿಗೆ ಲೆಕ್ಕ

ನಾನು ಫಾರ್ಮಸಿಸ್ಟ್. ಅಕ್ಕ ಕೇಳಿದ ಊಟದಲ್ಲಿ ಬೆರೆಸುವ ಮಾತ್ರೆಯ ಬಗ್ಗೆ ಯಾರೂ ಹೇಳಲಿಲ್ಲ. ಅದು ಬಹುಶಃ ಡೈಸಲ್ಫಿರಾಮ್. ದಯವಿಟ್ಟು ಬೇಡ. ಬೇಡವೇ ಬೇಡ.

ಈ ಮಾತ್ರೆ ದೇಹದಲ್ಲಿ ಮದ್ಯ ಪೂರ್ತಿ ಕರಗದ ಹಾಗೆ ಮಾಡುತ್ತದೆ. ಅಸಿಟಾಲ್ಡಿಹೈಡ್ ಅನ್ನುವ ವಿಷ ರಕ್ತದಲ್ಲಿ ಸೇರಿಕೊಳ್ಳುತ್ತದೆ. ಮುಖ ಕೆಂಪಾಗಿ, ವಾಂತಿ ಬಂದು, ಎದೆ ಹೊಡೆದುಕೊಂಡು, ಬಿಪಿ ಬೀಳುತ್ತದೆ. ಹೃದಯದ ಕಾಯಿಲೆ ಇರುವವರು ಸಾಯಲೂಬಹುದು. ಕೊನೆಯ ಮಾತ್ರೆ ತಗೊಂಡು ಎರಡು ವಾರದವರೆಗೂ ಇದರ ಪರಿಣಾಮ ಇರುತ್ತದೆ. ಕುಡಿದು ಕನಿಷ್ಠ 12 ಗಂಟೆ ಆಗುವ ಮೊದಲು ಇದನ್ನು ಕೊಡಲೇಬಾರದು. ಗೊತ್ತಿದ್ದು, ಒಪ್ಪಿ, ಮನೆಯವರ ಎದುರು ತಗೊಳ್ಳುವವರಿಗೆ ಇದು ಉಪಯೋಗಕ್ಕೆ ಬರುವ ಔಷಧವೇ. ಗೊತ್ತಿಲ್ಲದೆ ತಗೊಂಡವನು ಅವತ್ತು ಸಂಜೆ ಕುಡಿಯುತ್ತಾನೆ. ಅದರ ಜೊತೆಗೆ, ಒಂದು ದಿನ ವಿಷಯ ತಿಳಿದಾಗ ನಿಮ್ಮ ಕೈಯಿಂದ ಅವನು ಮತ್ತೆ ಏನನ್ನೂ ತಗೊಳ್ಳುವುದಿಲ್ಲ, ಶುಗರ್ ಮಾತ್ರೆಯನ್ನೂ.

ಬೇರೆ ದಾರಿ ಇವೆ. ನಾಲ್ಟ್ರೆಕ್ಸೋನ್ ಕುಡಿತದ ಸುಖವನ್ನು ಮಂಕು ಮಾಡುತ್ತದೆ, ಕುಡಿಯುತ್ತಿರುವಾಗಲೂ ಶುರು ಮಾಡಬಹುದು. ಲಿವರ್ ಪರೀಕ್ಷೆ ಮಾಡಿಸಿಕೊಂಡು ಕೊಡುತ್ತಾರೆ. ಮಾರ್ಫಿನ್, ಟ್ರಮಡಾಲ್ ಜಾತಿಯ ನೋವಿನ ಮಾತ್ರೆ ತಗೊಳ್ಳುತ್ತಿದ್ದರೆ ಮಾತ್ರ ಕೂಡದು. ಕುಡಿತ ಬಿಟ್ಟವರು ಮತ್ತೆ ಹಿಡಿಯದ ಹಾಗೆ ಕೊಡುವ ಅಕಾಂಪ್ರೋಸೇಟ್ ಲಿವರ್ ಕೆಟ್ಟವರಿಗೂ ಆಗುತ್ತದೆ, ಆದರೆ ಕಿಡ್ನಿ ಚೆನ್ನಾಗಿರಬೇಕು. ಸಕ್ಕರೆ ಕಾಯಿಲೆಯವರಲ್ಲಿ ಕಿಡ್ನಿಯ ಪ್ರಶ್ನೆ ಬಂದೇ ಬರುತ್ತದೆ. ಹಾಗಾಗಿ ಸಿಸ್ಟರ್ ಹೇಳಿದ ಹಾಳೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ಎಷ್ಟು ಅಂತ ಇರಲಿ. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಜಾಸ್ತಿ ಕುಡಿತದ ಜೊತೆ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುವ ಅಪಾಯ ಇದೆ, ಅದನ್ನೂ ಶುಗರ್ ಡಾಕ್ಟರ್ ಬಳಿ ಎತ್ತಿ.

ಹಾಳೆಯಲ್ಲಿ ಬೀಡಿ ಸಿಗರೇಟನ್ನೂ ಬರೆಯಿರಿ. ಯಾರೂ ಬರೆಯುವುದಿಲ್ಲ. ಮನೋವೈದ್ಯರು ಕೊಡುವ ಕ್ಲೋಜಪಿನ್, ಒಲಾಂಜಪಿನ್ ತಗೊಳ್ಳುವವರಲ್ಲಿ ಹೊಗೆಯೊಳಗಿನ ಟಾರ್ ಈ ಔಷಧಗಳನ್ನು ಬೇಗ ಬೇಗ ಕರಗಿಸುವ ಹಾಗೆ ಲಿವರನ್ನು ಎಬ್ಬಿಸಿರುತ್ತದೆ. ಆ ಲೆಕ್ಕಕ್ಕೇ ಡೋಸ್ ಕೂತಿರುತ್ತದೆ. ಅವರು ಸಿಗರೇಟ್ ಬಿಟ್ಟ ವಾರದಲ್ಲೇ ರಕ್ತದಲ್ಲಿ ಔಷಧ ಏರುತ್ತದೆ. ಮಂಪರು, ಜೊಲ್ಲು, ಕ್ಲೋಜಪಿನ್ ಆದರೆ ಫಿಟ್ಸ್ ಕೂಡ. ಕಾರಣ ನಿಕೋಟಿನ್ ಅಲ್ಲ, ಹೊಗೆ. ಹಾಗಾಗಿ ನಿಕೋಟಿನ್ ಪ್ಯಾಚ್ ಹಾಕಿಕೊಂಡರೂ ಡೋಸ್ ಇಳಿಸಬೇಕಾಗಬಹುದು. ಸಿಗರೇಟ್ ಬಿಡುವುದು ಒಳ್ಳೆಯದೇ, ಮನೋವೈದ್ಯರಿಗೆ ಹೇಳಿ ಬಿಡಬೇಕು.

ಕಡಲಮುತ್ತು

ಸರ್, ನಡುವೆ ಬಾಯಿ ಹಾಕುತ್ತಿದ್ದೇನೆ. ನನಗೆ ಬೈಪೋಲಾರ್ (ಮನಸ್ಸು ಒಮ್ಮೆ ತೀರಾ ಏರಿ, ಒಮ್ಮೆ ತೀರಾ ಕುಗ್ಗುವ ಕಾಯಿಲೆ), ಅದಕ್ಕೆ ಲಿಥಿಯಂ ಮಾತ್ರೆ ತಗೊಳ್ಳುತ್ತಿದ್ದೇನೆ. ಜೊತೆಗೆ ಬೆನ್ನುನೋವು, ಅದೂ ಹಳೆಯದು. ನೋವಿಗೆ ಬೇರೆ ಡಾಕ್ಟರ್ ಐಬುಪ್ರೊಫೆನ್ ಬರೆದುಕೊಟ್ಟಿದ್ದಾರೆ. ಅವರಿಗೆ ಲಿಥಿಯಂ ವಿಷಯ ಹೇಳಿಲ್ಲ. ಹೇಳಿದರೆ ಆಮೇಲೆ ನನ್ನ ನೋವನ್ನೂ "ಎಲ್ಲ ಮನಸ್ಸಿನದೇ" ಅಂತ ತಳ್ಳಿಹಾಕುತ್ತಾರೆ. ಹಿಂದೆ ಹಾಗೆ ಆಗಿದೆ. ಹೇಳದಿದ್ದರೆ ನಡೆಯುತ್ತದೆಯೇ?

ಗುಳಿಗೆ ಲೆಕ್ಕ

ನಡೆಯುವುದಿಲ್ಲ ತಂಗಿ, ಇವತ್ತೇ ಫೋನ್ ಮಾಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳು ಕಿಡ್ನಿ ಲಿಥಿಯಂ ಹೊರಹಾಕುವುದನ್ನು ಕಡಿಮೆ ಮಾಡುತ್ತವೆ. ಲಿಥಿಯಂಗೆ ಉಪಯೋಗದ ಮಟ್ಟಕ್ಕೂ ವಿಷದ ಮಟ್ಟಕ್ಕೂ ನಡುವೆ ಜಾಗ ತುಂಬ ಕಡಿಮೆ. ಕೈ ಒರಟಾಗಿ ನಡುಗುವುದು, ಭೇದಿ, ತೂರಾಟ, ಮಾತು ತೊದಲುವುದು ಕಂಡರೆ ಮುಂದಿನ ಡೋಸ್ ತಗೊಳ್ಳದೆ ನೇರ ಆಸ್ಪತ್ರೆಗೆ ಹೋಗಿ, ರಕ್ತದಲ್ಲಿ ಲಿಥಿಯಂ ಎಷ್ಟಿದೆ ಅಂತ ನೋಡಿಸಿ. ಅಂಥದ್ದೇನೂ ಇಲ್ಲದಿದ್ದರೆ ಲಿಥಿಯಂ ಅನ್ನು ನೀವೇ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಕಾಯಿಲೆ ಜೋರಾಗಿ ಮರಳುತ್ತದೆ. ವಾಂತಿ ಭೇದಿ ಆದಾಗ, ನೀರು ಕಡಿಮೆ ಕುಡಿದಾಗ, ಕೆಲವು ಬಿಪಿ ಮಾತ್ರೆಗಳ ಜೊತೆಗೂ ಲಿಥಿಯಂ ಏರುತ್ತದೆ. ನೋವಿಗೆ ಪ್ಯಾರಸಿಟಮಾಲ್ ಸಾಮಾನ್ಯವಾಗಿ ಈ ತೊಂದರೆ ಕೊಡುವುದಿಲ್ಲ.

ವಾರ್ಡ್ ಸಿಸ್ಟರ್

ಮುತ್ತು ಅವರೇ, ನಿಮ್ಮ ಭಯ ಸುಳ್ಳಲ್ಲ. ಮಾನಸಿಕ ಕಾಯಿಲೆ ಇದೆ ಅಂದ ತಕ್ಷಣ ದೇಹದ ನೋವನ್ನು ಯಾರೂ ಗಂಭೀರವಾಗಿ ತಗೊಳ್ಳದಿರುವುದು ಎಷ್ಟೋ ಕಡೆ ಇದೆ. ನನಗೆ ಇದು ತುಂಬ ಸಿಟ್ಟು ತರಿಸುವ ವಿಷಯ. ಹೇಳುವಾಗ ಹೀಗೆ ಹೇಳಿ: "ನನಗೆ ಲಿಥಿಯಂ ನಡೀತಿದೆ, ಕಾಯಿಲೆ ಹತೋಟಿಯಲ್ಲಿದೆ. ಇವತ್ತು ಬಂದಿರೋದು ಬೆನ್ನಿಗೆ. ಪರೀಕ್ಷೆ ಮಾಡಿ ಏನು ಕಂಡಿತು ಅಂತ ಬರೆದುಕೊಡಿ." ಬರೆದುಕೊಡಿ ಅಂದಾಗ ಪರೀಕ್ಷೆ ನಡೆಯುತ್ತದೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ಹಳೆಯ ಜೊತೆಗಾರ

ನೇರಮಾತು ಅಣ್ಣನಿಗೆ ಒಂದು ಮಾತು. ನಾನು ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು) ಸಭೆಗಳಿಂದಲೇ ಬದುಕಿದವನು. ಅಲ್ಲೂ ಕೆಲವರು "ಮಾತ್ರೆ ತಗೊಂಡರೆ ಅದೂ ಒಂದು ಚಟವೇ" ಅನ್ನುತ್ತಾರೆ. ಅದು ಎಎಯ ಮಾತಲ್ಲ. ಯಾವ ಸದಸ್ಯನೂ ಇನ್ನೊಬ್ಬನಿಗೆ ಡಾಕ್ಟರ್ ಆಗಬಾರದು ಅಂತ ಎಎಯ ಕಿರುಪುಸ್ತಕವೇ ಹೇಳುತ್ತದೆ. 1935ರಲ್ಲಿ ಎಎ ಶುರು ಮಾಡಿದ ಇಬ್ಬರಲ್ಲಿ ಒಬ್ಬರಾದ ಬಿಲ್ ವಿಲ್ಸನ್, ಕುಡಿತ ಬಿಟ್ಟು ಸುಮಾರು ಹತ್ತು ವರ್ಷವಾದ ಮೇಲೆ ವರ್ಷಗಟ್ಟಲೆ ಖಿನ್ನತೆಯಲ್ಲಿ ನರಳಿದರು. ಕುಡಿತ ನಿಂತರೆ ಎಲ್ಲ ಸರಿಹೋಗುತ್ತದೆ ಅನ್ನುವುದಾದರೆ ಅವರಿಗೆ ಹಾಗೆ ಆಗಬಾರದಿತ್ತು.

ಸಭೆಗಳು ಕೆಲಸ ಮಾಡುತ್ತವೆ, ಅದನ್ನೂ ಹೇಳುತ್ತೇನೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನ, ಹತ್ತು ಸಾವಿರಕ್ಕೂ ಹೆಚ್ಚು ಜನರ ಲೆಕ್ಕ ನೋಡಿತು. ಎಎಗೆ ಕ್ರಮವಾಗಿ ಜೋಡಿಸುವ ಚಿಕಿತ್ಸೆ, ಪೂರ್ತಿ ಕುಡಿಯದೇ ಇರುವ ವಿಷಯದಲ್ಲಿ ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಮೇಲು ಅಂತ ಕಂಡಿತು. ಸಭೆಯೂ ಇರಲಿ, ಮಾತ್ರೆಯೂ ಇರಲಿ. ಎಎ ಸಭೆಗಳಲ್ಲಿ ಬರುವ ದೇವರ ಮಾತು ಇಷ್ಟವಿಲ್ಲದವರಿಗೆ ಸ್ಮಾರ್ಟ್ ರಿಕವರಿಯಂಥ ಗುಂಪುಗಳೂ ಇವೆ.

ನೇರಮಾತು

ಬಿಲ್ ವಿಲ್ಸನ್ ವಿಷಯ ಗೊತ್ತಿರಲಿಲ್ಲ. ಆದರೂ ಒಂದು ಕೇಳುತ್ತೇನೆ. ಇಷ್ಟೆಲ್ಲ ಮಾಡಿ ಮತ್ತೆ ಕುಡಿದರೆ? ನಮ್ಮಲ್ಲಿ ನೋಡಿದ್ದು ಅದೇ. ಬಿಡುವುದು, ಮತ್ತೆ ಹಿಡಿಯುವುದು. ಎಷ್ಟು ಸಲ ಅಂತ ಖರ್ಚು ಮಾಡುವುದು?

ವಾರ್ಡ್ ಸಿಸ್ಟರ್

ಬಿಪಿ ಮಾತ್ರೆ ಬಿಟ್ಟು ಬಿಪಿ ಏರಿಸಿಕೊಂಡು ಬಂದವರನ್ನು "ಇವರಿಗೆ ಖರ್ಚು ದಂಡ" ಅಂತ ಯಾರೂ ಮನೆಗೆ ಕಳಿಸುವುದಿಲ್ಲ. 2000ದಲ್ಲಿ ಅಮೆರಿಕದ ಸಂಶೋಧಕ ಮೆಕ್‌ಲೆಲನ್ ಮತ್ತು ಜೊತೆಗಾರರು ಇದನ್ನೇ ಹೋಲಿಸಿ ಬರೆದರು. ವ್ಯಸನದ ಚಿಕಿತ್ಸೆ ಮುಗಿಸಿದವರಲ್ಲಿ ಶೇ. 40ರಿಂದ 60ರಷ್ಟು ಜನ ಒಂದು ವರ್ಷದೊಳಗೆ ಮತ್ತೆ ಜಾರುತ್ತಾರೆ. ಬಿಪಿ, ಅಸ್ತಮಾದಲ್ಲಿ ಕಾಯಿಲೆ ಮತ್ತೆ ಕೆರಳುವ ಪ್ರಮಾಣ ಶೇ. 50ರಿಂದ 70. ದೀರ್ಘ ಕಾಯಿಲೆಗಳಲ್ಲಿ ಶ್ರೀಮಂತ ದೇಶಗಳಲ್ಲೂ ಅರ್ಧದಷ್ಟು ಜನ ಮಾತ್ರ ಹೇಳಿದ ಹಾಗೆ ಔಷಧ ತಗೊಳ್ಳುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿದೆ. ಕಾಯಿಲೆ ದೀರ್ಘದ್ದು ಅಂದಮೇಲೆ ಚಿಕಿತ್ಸೆಯೂ ಕೆಲವು ವಾರ ಒಳಗಿಟ್ಟು ಕಳಿಸುವಂಥದ್ದಾಗಬಾರದು. ಡಿಸ್ಚಾರ್ಜ್ ಆದ ಮೇಲಿನ ತಿಂಗಳುಗಳೇ ಮುಖ್ಯ. ಆಗಲೇ ಯಾರೂ ಫೋನ್ ಮಾಡುವುದಿಲ್ಲ.

ಹೆರಾಯಿನ್, ಮಾರ್ಫಿನ್ ಥರದ ವಸ್ತುಗಳ ಚಟ ಇರುವವರ ಮನೆಯವರೂ ಇದನ್ನು ಓದುತ್ತಿರಬಹುದು. ಕೆಲವು ವಾರ ಬಿಟ್ಟರೆ ದೇಹದ ತಾಳಿಕೆ ಇಳಿದಿರುತ್ತದೆ. ಹೊರಗೆ ಬಂದು ಹಳೆಯ ಅಳತೆಯಲ್ಲೇ ತಗೊಂಡರೆ ಉಸಿರು ನಿಲ್ಲಬಹುದು. ಈ ಚಟಕ್ಕೆ ಬದಲಿಯಾಗಿ ಕೊಡುವ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಚಿಕಿತ್ಸೆ ನಡೆಯುತ್ತಿದ್ದರೆ "ಇನ್ನು ಸಾಕು" ಅಂತ ಅವಸರ ಮಾಡಬೇಡಿ. ಅತಿಯಾದ ಡೋಸ್‌ನಿಂದ ನಿಂತ ಉಸಿರನ್ನು ಮರಳಿಸುವ ನಲಾಕ್ಸೋನ್ ಸಿಗುವ ಕಡೆ ಮನೆಯಲ್ಲಿ ಇಟ್ಟುಕೊಳ್ಳಿ.

ಮನೆಯೊಳಗಿನವಳು

ನಾನು ಬರೆಯಬೇಕೋ ಬೇಡವೋ ಅಂತ ಇದ್ದೆ. ಹೆಂಡತಿ ನಾನು. ಬೈದಾಯಿತು, ಅತ್ತಾಯಿತು, ಬಾಟಲಿ ಚೆಲ್ಲಾಯಿತು. ಅವರು ಯಾವ ಡಾಕ್ಟರ್ ಹತ್ತಿರವೂ ಬರುವುದಿಲ್ಲ. ಈ ಅಕ್ಕನ ತಮ್ಮ ಬರುವಷ್ಟಾದರೂ ಬರುತ್ತಾನೆ. ಬರದೇ ಇರುವವರಿಗೆ ಏನು ಮಾಡುವುದು?

ಹಳೆಯ ಜೊತೆಗಾರ

ಅಮ್ಮಾ, ಬರೆದದ್ದು ಒಳ್ಳೆಯದಾಯಿತು. ಕ್ರಾಫ್ಟ್ ಅಂತ ಒಂದು ತರಬೇತಿ ಇದೆ, ಅಮೆರಿಕದ ರಾಬರ್ಟ್ ಮೇಯರ್ಸ್ ರೂಪಿಸಿದ್ದು. ಅದು ಕುಡಿಯುವವರಿಗಲ್ಲ, ಮನೆಯವರಿಗೆ. ಕುಡಿಯದೇ ಇರುವ ಹೊತ್ತಿನಲ್ಲಿ ಅವರ ಜೊತೆ ಕೂತು ಮಾತಾಡುವುದು, ಕುಡಿದಾಗ ಎದ್ದು ಬೇರೆ ಕೋಣೆಗೆ ಹೋಗುವುದು. ಜಗಳ ಬೇಡ. ಕುಡಿತದ ಪರಿಣಾಮವನ್ನು ನೀವು ಮುಚ್ಚಿಹಾಕುವುದೂ ಬೇಡ. ಕೆಲಸಕ್ಕೆ ಹೋಗಲು ಆಗದಿದ್ದರೆ ಅವರೇ ಫೋನ್ ಮಾಡಿ ಹೇಳಲಿ. ಚಿಕಿತ್ಸೆಯ ಮಾತನ್ನು ಅವರೇ ನೊಂದುಕೊಂಡು ಎದ್ದ ಬೆಳಗ್ಗೆ ಎತ್ತಬೇಕು, ರಾತ್ರಿಯಲ್ಲ. ಅಷ್ಟು ಹೊತ್ತಿಗೆ ಎಲ್ಲಿಗೆ ಹೋಗಬೇಕು ಅನ್ನುವುದು ನಿಮಗೆ ಗೊತ್ತಿರಬೇಕು, ಅವತ್ತೇ ಹೋಗುವ ಹಾಗಿರಬೇಕು.

1999ರಲ್ಲಿ 130 ಮನೆಯವರ ಜೊತೆ ಇದನ್ನು ಪರೀಕ್ಷಿಸಿದರು. ಕ್ರಾಫ್ಟ್ ಕಲಿತವರಲ್ಲಿ ಶೇ. 64ರಷ್ಟು ಜನರ ಕಡೆಯವರು ಚಿಕಿತ್ಸೆಗೆ ಬಂದರು. ಎಲ್ಲರೂ ಸೇರಿ ಎದುರು ಕೂರಿಸಿ ಹೇಳುವ ವಿಧಾನದಲ್ಲಿ ಶೇ. 30. ಕುಡಿಯುವವರ ಮನೆಯವರೇ ಸೇರುವ ಆಲ್-ಅನಾನ್ ಗುಂಪಿನ ದಾರಿಯಲ್ಲಿ ಶೇ. 13, ಆದರೆ ಆಲ್-ಅನಾನ್ ಇರುವುದು ಮನೆಯವರ ನೆಮ್ಮದಿಗೆ, ಕುಡಿಯುವವರನ್ನು ಎಳೆದು ತರಲು ಅಲ್ಲ. ನಿಮಗೆ ಅದೂ ಬೇಕಾಗುತ್ತದೆ. ಒಂದೇ ಒಂದು, ಅವರು ಕೈ ಎತ್ತುವವರಾದರೆ ಮೊದಲು ನಿಮ್ಮ ಸುರಕ್ಷತೆ. ಈ ಪಾಠಗಳೆಲ್ಲ ಆಮೇಲೆ.

ಬೆಳಗಿನಹಕ್ಕಿ

ಎಲ್ಲವನ್ನೂ ಓದಿದೆ, ತಮ್ಮನಿಗೂ ಓದಿ ಹೇಳಿದೆ. ಊಟದಲ್ಲಿ ಬೆರೆಸುವ ಮಾತನ್ನೂ ಬಚ್ಚಿಡದೆ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹಾಳೆ ತಾ ಅಂದ. ದಿನಕ್ಕೆ ಎಷ್ಟು ಅಂತ ಅವನೇ ಬರೆಸಿದ, ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಇತ್ತು. ಸಾಯುವ ಯೋಚನೆ ಬಗ್ಗೆಯೂ ಕೇಳಿದೆ. ಈಗ ಇಲ್ಲ, ಹಿಂದೆ ಬಂದಿತ್ತು ಅಂದ. ಅದನ್ನೂ ಬರೆದೆವು. ಮನೋವೈದ್ಯರಿಗೆ ಫೋನ್ ಮಾಡಿದೆ, ಹಾಳೆ ತಗೊಂಡು ನಾಳೆಯೇ ಬನ್ನಿ, ಶುಗರ್ ಡಾಕ್ಟರ್ ಜೊತೆ ನಾನೇ ಮಾತಾಡ್ತೀನಿ ಅಂದರು. ಇಂದು ರಾತ್ರಿ ಅವನು ಕುಡಿಯುವುದನ್ನು ನಾನು ತಡೆಯುವುದಿಲ್ಲ, ನಿದ್ದೆಯಲ್ಲಿ ಶುಗರ್ ನೋಡುತ್ತೇನೆ.

ನಾಳೆ ಇನ್ನೇನು ತಗೊಂಡು ಹೋಗಲಿ?

ವಾರ್ಡ್ ಸಿಸ್ಟರ್

ಮಾತ್ರೆಗಳ ಪಟ್ಟಿ ಸಾಲದು, ಮನೆಯಲ್ಲಿರುವ ಮಾತ್ರೆ ಸ್ಟ್ರಿಪ್‌ಗಳನ್ನೇ ಚೀಲಕ್ಕೆ ಹಾಕಿಕೊಳ್ಳಿ. ಯಾವುದು ಎಷ್ಟು ಉಳಿದಿದೆ ಅಂತ ನೋಡಿದರೆ ನಿಜವಾಗಿ ಎಷ್ಟು ತಗೊಂಡಿದ್ದಾನೆ ಅನ್ನುವುದು ತಿಳಿಯುತ್ತದೆ. ಗ್ಲುಕೋಮೀಟರ್ ತಗೊಂಡು ಹೋಗಿ, ಹಳೆಯ ರೀಡಿಂಗ್ ಅದರಲ್ಲೇ ಇರುತ್ತವೆ. ರಾತ್ರಿ ಪಕ್ಕದಲ್ಲಿ ಗ್ಲೂಕೋಸ್ ಇರಲಿ. ಬಿಡಿಸುವುದನ್ನು ಎಲ್ಲಿ ಮಾಡುತ್ತಾರೆ, ಆ ದಿನಗಳಲ್ಲಿ ಶುಗರ್ ಮಾತ್ರೆಯ ಡೋಸ್ ಯಾರು ನೋಡುತ್ತಾರೆ, ಈ ಎರಡು ಪ್ರಶ್ನೆಗೆ ಉತ್ತರ ತಗೊಳ್ಳದೆ ಎದ್ದು ಬರಬೇಡಿ.